ಶಿರಸಿಯ ಸಲಹೆ, ಕೋಲಾರದ ಕುಂಡ

ಪ್ರಶ್ನೆ:

ನಾನು ಕೋಲಾರದಲ್ಲಿ ಹೈಸ್ಕೂಲ್ ಟೀಚರ್. ವಯಸ್ಸು 51. ಮೂವತ್ತು–ನಲವತ್ತರ ಸೈಟಿನಲ್ಲಿ ನಮ್ಮ ಮನೆ. ಹಿಂದೆ ಆರಡಿ ಜಾಗ ಬಿಟ್ಟಿದ್ದೇವೆ, ತಾರಸಿ ಮೇಲೆ 14 ಕುಂಡ ಇವೆ. ಬಿ.ಎಡ್. ಓದುವಾಗ ಹಾಸ್ಟೆಲಿನಲ್ಲಿ ಒಟ್ಟಿಗಿದ್ದ ನಾವು ಐದು ಜನ ಗೆಳತಿಯರು ಈಗಲೂ ವಾಟ್ಸಾಪಿನಲ್ಲಿ ದಿನಾ ಮಾತಾಡುತ್ತೇವೆ. ಒಬ್ಬಳು ಶಿರಸಿ, ಒಬ್ಬಳು ಉಡುಪಿ ಹತ್ತಿರ, ಒಬ್ಬಳು ಮೈಸೂರು, ಇನ್ನೊಬ್ಬಳು ಅಮೆರಿಕದ ನ್ಯೂಜೆರ್ಸಿ. ಸ್ಕೂಲಿನಲ್ಲಿ ಏನಾಯ್ತು, ಮಕ್ಕಳು ಫೋನ್ ಮಾಡಿದರಾ, ಯಾರ ಅತ್ತೆಗೆ ಮಂಡಿನೋವು, ಎಲ್ಲಾ ಆದ ಮೇಲೆ ಗಿಡದ ಫೋಟೋ. ಅವರೆಲ್ಲರ ಗಿಡ ನಗುನಗುತ್ತಾ ಇವೆ. ನನ್ನವು ಮಾತ್ರ ಸೊರಗುತ್ತಿವೆ.

ಶಿರಸಿಯವಳು ಹೇಳಿದಂತೆ ಕರಿಬೇವಿಗೆ ಮಜ್ಜಿಗೆ ಹಾಕಿದೆ, ನಿಂಬೆ ಗಿಡದ ಬುಡಕ್ಕೆ ಸುಣ್ಣ ಮತ್ತು ಮೊಟ್ಟೆ ಸಿಪ್ಪೆ ಹಾಕಿದೆ. ನ್ಯೂಜೆರ್ಸಿಯವಳು ಹೇಳಿದ್ದಕ್ಕೆ ಎಪ್ಸಮ್ ಸಾಲ್ಟ್, ಕಾಫಿ ಗಸಿ ಹಾಕಿದೆ. ಮೈಸೂರಿನವಳು ನೀರಿನ ಫಿಲ್ಟರಿನಿಂದ ಹೊರಗೆ ಹೋಗುವ ನೀರನ್ನು ಗಿಡಕ್ಕೇ ಹಾಕುತ್ತಾಳೆ, ನಾನೂ ಎರಡು ವರ್ಷದಿಂದ ಅದನ್ನೇ ಹಾಕುತ್ತಿದ್ದೇನೆ. ಉಡುಪಿಯವಳು ಪ್ರೀತಿಯಿಂದ ಕೊರಿಯರಿನಲ್ಲಿ ಕಳಿಸಿದ ಮಲ್ಲಿಗೆ ಕಡ್ಡಿ ಒಂದೂ ಉಳಿಯಲಿಲ್ಲ. ಅವಳಿಗೆ ಇನ್ನೂ ಹೇಳಿಲ್ಲ. ಕೇಳಿದಾಗ ಹಳೇ ಫೋಟೋ ಹಾಕಿದೆ, ಆ ದಿನ ರಾತ್ರಿ ನಿದ್ದೆ ಬರಲಿಲ್ಲ. ನನ್ನ ಕೈಗುಣ ಸರಿಯಿಲ್ಲ ಅಂತ ಅತ್ತೆ ಹೇಳುತ್ತಾರೆ. ಮುಟ್ಟಾದಾಗ ಮುಟ್ಟಿದ್ದಕ್ಕೇ ಕರಿಬೇವು ಒಣಗುತ್ತಿದೆ ಅಂತಲೂ ಅಂದರು. ಮಗಳು ಕೆಲಸಕ್ಕೆಂದು ಪುಣೆಗೆ ಹೋದ ಮೇಲೆ ಮನೆಯಲ್ಲಿ ನನಗೆ ಈ ಗಿಡಗಳೇ ಜೊತೆ. ಎಲ್ಲಿ ತಪ್ಪುತ್ತಿದ್ದೇನೆ? ಮೂರು ಫೋಟೋ ಕಳಿಸಿದ್ದೇನೆ.

ಉತ್ತರ:

ಮೇಡಂ, ಮೊದಲು ಕೈಗುಣದ ಮಾತು ಮುಗಿಸಿಬಿಡೋಣ. ಈ ಜಿಲ್ಲೆಯಲ್ಲಿ 28 ವರ್ಷ ಮಣ್ಣು, ನೀರು ಪರೀಕ್ಷೆ ಮಾಡಿಕೊಂಡು ಬಂದವನು ನಾನು. ಕೈಗುಣ ಚೆನ್ನಾಗಿದೆ ಅಂತ ಊರವರು ಹೇಳುವವರನ್ನು ಹತ್ತಿರದಿಂದ ನೋಡಿದ್ದೇನೆ. ಅವರು ದಿನಕ್ಕೆ ಎರಡು ಸಲ ಗಿಡದ ಹತ್ತಿರ ಹೋಗಿ ಎಲೆ ತಿರುಗಿಸಿ ನೋಡುವವರು, ಅಷ್ಟೇ. ನೀವೂ ಅದನ್ನೇ ಮಾಡುತ್ತಿದ್ದೀರಿ. ಮುಟ್ಟಿಗೂ ಕರಿಬೇವಿಗೂ ಯಾವ ಸಂಬಂಧವೂ ಇಲ್ಲ. ಗಿಡಕ್ಕೆ ಅದು ಗೊತ್ತಾಗುವ ದಾರಿಯೇ ಇಲ್ಲ. ಅತ್ತೆಯ ಜೊತೆ ವಾದ ಮಾಡಬೇಡಿ. ಗಿಡ ಚಿಗುರಿದಾಗ ಕರೆದು ತೋರಿಸಿ, ಸಾಕು.

ಇನ್ನು ಫೋಟೋಗಳು. ಮೊದಲನೆಯದರಲ್ಲಿ ಕರಿಬೇವಿನ ತುದಿಯ ಹೊಸ ಎಲೆಗಳು ಹಳದಿಯಾಗಿವೆ, ಆದರೆ ನರಗಳು ಹಸಿರು ಪೆನ್ನಿನಲ್ಲಿ ಗೀಚಿದ ಹಾಗೆ ಉಳಿದಿವೆ. ಎರಡನೆಯದರಲ್ಲಿ ಕುಂಡದ ಅಂಚಿಗೆ, ಮೇಲ್ಮಣ್ಣಿಗೆ ಬಿಳಿ ಪದರ ಕಟ್ಟಿದೆ. ಮೂರನೆಯದರಲ್ಲಿ ನಿಂಬೆ ಎಲೆಯ ತುದಿ ಬೆಂಕಿ ತಾಗಿದಂತೆ ಕಂದಾಗಿದೆ. ಆ ಎರಡನೇ ಫೋಟೋ ನೋಡಿದ ಕೂಡಲೇ ನನಗೆ ಮುಕ್ಕಾಲು ಪಾಲು ಗೊತ್ತಾಯಿತು. ನಿಮ್ಮ ಮನೆಯ ಗೀಸರಿನ ಕಾಯಿಲ್ ಮೇಲೆ, ನಲ್ಲಿಯ ಬಾಯಲ್ಲಿ ಕಟ್ಟುವುದೂ ಇದೇ ಬಿಳಿ. ಇದು ನೀರಿನಿಂದ ಬಂದ ಉಪ್ಪು ಮತ್ತು ಸುಣ್ಣ.

ಕೋಲಾರದಲ್ಲಿ ವರ್ಷವಿಡೀ ಹರಿಯುವ ನದಿ ಇಲ್ಲ. ಸಾವಿರ ಅಡಿ ದಾಟಿದ ಬೋರ್‌ವೆಲ್‌ಗಳಿಂದ ನೀರು ಎತ್ತುತ್ತೇವೆ. ಅಷ್ಟು ಆಳದಲ್ಲಿ ಕಲ್ಲಿನ ಸಂದಿಯಲ್ಲಿ ವರ್ಷಗಟ್ಟಲೆ ನಿಂತ ನೀರು ಕಲ್ಲಿನ ಅಂಶವನ್ನೂ ಕರಗಿಸಿಕೊಂಡು ಬರುತ್ತದೆ. ಕ್ಯಾಲ್ಸಿಯಂ, ಮೆಗ್ನೀಸಿಯಂ, ಬೈಕಾರ್ಬೊನೇಟ್, ಜೊತೆಗೆ ಫ್ಲೋರೈಡ್. ಅದಕ್ಕೇ ಅಲ್ವಾ ಇಲ್ಲಿ ಮನೆಮನೆಗೂ ಆರ್‌ಓ ಫಿಲ್ಟರ್ ಬಂದಿದ್ದು. ಈ ನೀರನ್ನು ಕುಂಡಕ್ಕೆ ದಿನಾ ಒಂದೊಂದು ಚೆಂಬು ಹಾಕಿದರೆ ನೀರು ಆವಿಯಾಗಿ ಹೋಗುತ್ತದೆ, ಉಪ್ಪು ಅಲ್ಲೇ ಕೂರುತ್ತದೆ. ಮಣ್ಣು ಸುಣ್ಣದ ಗುಣಕ್ಕೆ ತಿರುಗುತ್ತದೆ. ಅಂಥ ಮಣ್ಣಿನಲ್ಲಿ ಕಬ್ಬಿಣದ ಅಂಶ ಇದ್ದರೂ ಬೇರಿಗೆ ಸಿಗುವುದಿಲ್ಲ. ನಮ್ಮದು ಕೆಮ್ಮಣ್ಣು, ಅದರ ಕೆಂಪೇ ಕಬ್ಬಿಣ. ಅದರ ನಡುವೆ ನಿಂತೂ ಗಿಡಕ್ಕೆ ಕಬ್ಬಿಣ ಸಿಗುತ್ತಿಲ್ಲ.

ಇದನ್ನು ಗುರುತಿಸುವುದು ಸುಲಭ, ನೆನಪಿಟ್ಟುಕೊಳ್ಳಿ. ಹಳದಿ ಹೊಸ ಎಲೆಯಲ್ಲಿ ಶುರುವಾಗಿ ನರ ಹಸಿರಾಗಿದ್ದರೆ ಕಬ್ಬಿಣದ ಕೊರತೆ. ಕೆಳಗಿನ ಹಳೇ ಎಲೆಯಲ್ಲಿ ನರಗಳ ನಡುವೆ ಹಳದಿಯಾದರೆ ಮೆಗ್ನೀಸಿಯಂ ಕೊರತೆ. ಹಳೇ ಎಲೆ ಪೂರ್ತಿ ಒಂದೇ ಸಮ ಹಳದಿಯಾದರೆ ಸಾಮಾನ್ಯವಾಗಿ ಸಾರಜನಕದ್ದು. ಗಿಡ ಮೆಗ್ನೀಸಿಯಮನ್ನೂ ಸಾರಜನಕವನ್ನೂ ಹಳೇ ಎಲೆಯಿಂದ ಎಳೆದು ಚಿಗುರಿಗೆ ಕೊಡಬಲ್ಲದು. ಕಬ್ಬಿಣವನ್ನು ಹಾಗೆ ಸಾಗಿಸಲು ಅದಕ್ಕೆ ಆಗುವುದಿಲ್ಲ. ಹಾಗಾಗಿ ಮೊದಲು ನರಳುವುದು ಚಿಗುರು.

ಈಗ ನಿಮ್ಮ ಗೆಳತಿಯರ ಸಲಹೆಗೆ ಬರುತ್ತೇನೆ. ಒಂದು ವಿಷಯ ನೇರವಾಗಿ ಹೇಳುತ್ತೇನೆ: ಅವರು ನಾಲ್ವರೂ ಸುಳ್ಳು ಹೇಳಿಲ್ಲ. ಅವರವರ ಮನೆಯಲ್ಲಿ ಅದು ನಿಜ.

ಎಲ್ಲಕ್ಕಿಂತ ಜಾಸ್ತಿ ಹಾನಿ ಮಾಡಿರುವುದು ಮೈಸೂರಿನ ಸಲಹೆ. ಅವರ ಮನೆಗೆ ಬರುವುದು ಬಹುಶಃ ಕಾವೇರಿ ಅಥವಾ ಕಬಿನಿಯ ನೀರು. ಹೊಳೆಯ ನೀರಿನಲ್ಲಿ ಉಪ್ಪು ಕಡಿಮೆ, ಫಿಲ್ಟರಿನಿಂದ ಹೊರಬಿದ್ದ ನೀರಿನಲ್ಲೂ ಕಡಿಮೆಯೇ. ನಿಮ್ಮ ಕಥೆ ಬೇರೆ. ನಿಮ್ಮ ಫಿಲ್ಟರ್ ಒಂದು ಬಿಂದಿಗೆ ಕುಡಿಯುವ ನೀರು ಕೊಡಲು ಎರಡು ಮೂರು ಬಿಂದಿಗೆ ಹೊರಗೆ ಬಿಡುತ್ತದೆ. ನಿಮಗೆ ಕೊಟ್ಟ ನೀರಿನಿಂದ ತೆಗೆದ ಉಪ್ಪೆಲ್ಲ ಹೊರಗೆ ಬಿಟ್ಟ ನೀರಿಗೇ ಸೇರಿರುತ್ತದೆ. ಬೋರ್ ನೀರೇ ಗಡಸು, ಇದು ಅದಕ್ಕಿಂತ ಹೆಚ್ಚೂ ಕಡಿಮೆ ಒಂದೂವರೆ ಪಟ್ಟು ಗಡಸು. ಎರಡು ವರ್ಷ ಅದನ್ನೇ ಕುಡಿದ ಗಿಡ ಇನ್ನೂ ಜೀವಂತ ಇದೆಯಲ್ಲ, ಅದಕ್ಕೆ ನಿಮ್ಮ ಆರೈಕೆಯೇ ಕಾರಣ. ನೀರು ಪೋಲಾಗಬಾರದು ಎಂಬ ನಿಮ್ಮ ಮನಸ್ಸು ಒಳ್ಳೆಯದು. ಅದನ್ನು ನೆಲ ಒರೆಸಲು, ಬಚ್ಚಲಿಗೆ, ಬಾಗಿಲ ಮುಂದೆ ಚಿಮುಕಿಸಲು ಇಟ್ಟುಕೊಳ್ಳಿ. ಗಿಡಕ್ಕೆ ಇವತ್ತೇ ನಿಲ್ಲಿಸಿ.

ಶಿರಸಿಯ ವಿಷಯ. ಅಲ್ಲಿ ವರ್ಷಕ್ಕೆ 2,000 ಮಿಲಿಮೀಟರ್ ಮೀರಿ ಮಳೆ. ನಮ್ಮಲ್ಲಿ 700 ಆಸುಪಾಸು. ಅಷ್ಟು ಮಳೆ ಹೊಡೆದಾಗ ಮಣ್ಣಿನ ಸುಣ್ಣದ ಅಂಶವೆಲ್ಲ ತೊಳೆದು ಹೋಗಿ ನೆಲ ಹುಳಿಯಾಗುತ್ತದೆ. ಅದಕ್ಕೇ ಮಲೆನಾಡಿನಲ್ಲಿ ತೋಟಕ್ಕೆ ಸುಣ್ಣ ಹಾಕುತ್ತಾರೆ, ಹಾಕಲೇಬೇಕು. ಇಲ್ಲಿ ನೀವು ದಿನಾ ನೀರಿನ ಜೊತೆಯಲ್ಲೇ ಸುಣ್ಣ ಹಾಕುತ್ತಿದ್ದೀರಿ. ಅದರ ಮೇಲೆ ಇನ್ನೊಂದು ಹಿಡಿ ಹಾಕಿದರೆ ನಿಂಬೆ ತಡೆಯುವುದಿಲ್ಲ. ಮೊಟ್ಟೆ ಸಿಪ್ಪೆಯೂ ಸುಣ್ಣವೇ. ಹುಳಿ ಮಣ್ಣಿನಲ್ಲಾದರೆ ನಿಧಾನಕ್ಕೆ ಕರಗುತ್ತದೆ, ನಮ್ಮ ಕುಂಡದಲ್ಲಿ ವರ್ಷ ಕಳೆದರೂ ಹಾಕಿದ ಹಾಗೇ ಸಿಗುತ್ತದೆ.

ಮಜ್ಜಿಗೆಯನ್ನು ಪೂರ್ತಿ ತಳ್ಳಿಹಾಕುವುದಿಲ್ಲ. ಹುಳಿ ಮಜ್ಜಿಗೆ ಒಂದು ಲೋಟಕ್ಕೆ ಹತ್ತು ಲೋಟ ನೀರು ಬೆರೆಸಿ ತಿಂಗಳಿಗೊಮ್ಮೆ ಹಾಕಿದರೆ ತೊಂದರೆ ಇಲ್ಲ, ಅಲ್ಪಸ್ವಲ್ಪ ಅನುಕೂಲವೇ. ಆದರೆ ಒಂದು ಮಾತು ಕೇಳಬೇಕು. ನೀವು ಹಾಕುತ್ತಿದ್ದದ್ದು ಬರೀ ಮಜ್ಜಿಗೆಯಾ, ಊಟ ಆದ ಮೇಲೆ ಉಳಿದ ಉಪ್ಪು ಹಾಕಿದ ಮಜ್ಜಿಗೆಯಾ? ನನ್ನ ಹತ್ತಿರ ಬಂದವರಲ್ಲಿ ಸುಮಾರು ಜನ ಉಪ್ಪಿನದನ್ನೇ ಹಾಕಿರುತ್ತಾರೆ. ಎಸೆಯಲು ಮನಸ್ಸು ಬರುವುದಿಲ್ಲ ನೋಡಿ.

ನ್ಯೂಜೆರ್ಸಿಯಲ್ಲಿ ಕುಂಡಕ್ಕೆ ತುಂಬುವುದು ಹೆಚ್ಚಾಗಿ ಅಂಗಡಿಯಲ್ಲಿ ಸಿಗುವ ಹಗುರ ಮಿಶ್ರಣ. ಅದರಲ್ಲಿ ಪೀಟ್ ಎಂಬ ಜೌಗುನೆಲದ ಕಪ್ಪು ಪುಡಿ ಜಾಸ್ತಿ. ಅದು ಹುಳಿ ಗುಣದ್ದು, ಮೆಗ್ನೀಸಿಯಂ ಅದರಲ್ಲಿ ತೀರಾ ಕಡಿಮೆ. ಅಲ್ಲಿ ಎಪ್ಸಮ್ ಸಾಲ್ಟ್, ಅಂದರೆ ಮೆಗ್ನೀಸಿಯಂ ಸಲ್ಫೇಟ್, ಕೆಲಸಕ್ಕೆ ಬರಬಹುದು. ನಿಮ್ಮ ನೀರಿನಲ್ಲಿ ಮೆಗ್ನೀಸಿಯಂ ಮೊದಲೇ ಇದೆ. ಹೆಸರೇ ಹೇಳುವ ಹಾಗೆ ಅದೂ ಉಪ್ಪೇ. ಕಾಫಿ ಗಸಿ ಹುಳಿ ಅಂತ ಎಲ್ಲರೂ ನಂಬಿದ್ದಾರೆ. ಡಿಕಾಕ್ಷನ್ ಇಳಿಸಿದ ಮೇಲೆ ಅದರಲ್ಲಿ ಹುಳಿ ಅಷ್ಟಾಗಿ ಉಳಿದಿರುವುದಿಲ್ಲ. ದಪ್ಪಗೆ ಹಾಕಿದರೆ ಹೆಪ್ಪುಗಟ್ಟಿ ನೀರನ್ನೇ ತಡೆಯುತ್ತದೆ. ಕಾಂಪೋಸ್ಟಿಗೆ ಸೇರಿಸಿ, ಅಲ್ಲಿ ಅದು ಒಳ್ಳೆಯ ಸಾಮಾನು. ನಿಮ್ಮ ಆ ಗೆಳತಿ ಚಳಿಗಾಲವಿಡೀ ಕರಿಬೇವನ್ನು ಮನೆಯೊಳಗೆ ಕಿಟಕಿ ಹತ್ತಿರ ಇಟ್ಟು ಕಾಪಾಡಿಕೊಳ್ಳಬೇಕು. ಇಲ್ಲಿಂದ ಹಸಿ ಸೊಪ್ಪು ಒಯ್ಯೋಣ ಎಂದರೆ ಅಮೆರಿಕದಲ್ಲಿ ಒಳಗೆ ಬಿಡುವುದಿಲ್ಲ, ನಿಂಬೆ ಜಾತಿಯ ಗಿಡಗಳಿಗೆ ರೋಗ ಹರಡುವ ಕೀಟ ಅದರ ಜೊತೆ ಬರುತ್ತದೆ ಎಂಬ ಕಾರಣಕ್ಕೆ. ಒಂದೊಂದು ಎಲೆಗೂ ಆಕೆ ಎಷ್ಟು ಬೆಲೆ ಕೊಡುತ್ತಿರಬೇಕು ಯೋಚಿಸಿ. ಆ ಪ್ರೀತಿಯಿಂದಲೇ ನಿಮಗೂ ಹೇಳಿದ್ದಾರೆ.

ಇದು ನನಗೂ ಆಗಿದೆ, ಆದರೆ ತಿರುಗಾ ಮುರುಗಾ. ತೀರ್ಥಹಳ್ಳಿ ಹತ್ತಿರ ನನ್ನ ಕಾಲೇಜು ಗೆಳೆಯನೊಬ್ಬ ಇದ್ದಾನೆ. ಪ್ರತಿ ಭಾನುವಾರ ಫೋನ್. ಅವನು ಹೊಸದಾಗಿ ಏಳು ನಿಂಬೆ ಸಸಿ ನೆಟ್ಟಾಗ, ಬುಡದ ಸುತ್ತ ಒಳ್ಳೆ ಪಾತಿ ಮಾಡು, ಬಿದ್ದ ನೀರು ಅಲ್ಲೇ ನಿಲ್ಲಬೇಕು ಅಂದೆ. ಕೋಲಾರದಲ್ಲಿ ನಾನು ಸಾವಿರಾರು ರೈತರಿಗೆ ಹೇಳಿದ ಮಾತು ಅದು, ಇಲ್ಲಿ ಅದೇ ಸರಿ. ಅಲ್ಲಿ ಜುಲೈ ಮಳೆಗೆ ಪಾತಿಯಲ್ಲಿ ನೀರು ನಿಂತು ಮೂರು ಸಸಿಯ ಬೇರು ಕೊಳೆತು ಹೋಯಿತು. ಅಲ್ಲಿ ಬುಡಕ್ಕೆ ಮಣ್ಣು ಏರಿಸಿ ನೀರು ಹರಿದುಹೋಗುವಂತೆ ಮಾಡಬೇಕಿತ್ತು. ಅವನು ಒಂದು ವರ್ಷ ನನಗೆ ಹೇಳಲೇ ಇಲ್ಲ. ನಾನು ಅವನ ಮನೆಗೆ ಹೋದಾಗ ಖಾಲಿ ಗುಂಡಿ ಕಂಡಿತು. ಯಾಕೋ ಹೇಳಲಿಲ್ಲ ಅಂದೆ. “ನೀನು ಅಷ್ಟು ಪ್ರೀತಿಯಿಂದ ಹೇಳಿದ್ದಿ ಮಾರಾಯ, ಬೇಜಾರು ಮಾಡ್ಕೊತೀಯ ಅಂತ ಸುಮ್ನಾದೆ” ಅಂದ. ನನಗೆ ಬೇಜಾರಾಗಿದ್ದು ಸಸಿ ಹೋಗಿದ್ದಕ್ಕಲ್ಲ. ಅವತ್ತೇ ಹೇಳಿದ್ದರೆ ಉಳಿದ ನಾಲ್ಕಕ್ಕಾದರೂ ಮೊದಲೇ ಮಣ್ಣು ಏರಿಸಬಹುದಿತ್ತು. ಮಣ್ಣು ಪರೀಕ್ಷೆ ಮಾಡಿಯೇ ಅನ್ನ ತಿಂದವನು ನಾನು, ಅವನ ನೆಲದ ಬಗ್ಗೆ ಒಂದು ಪ್ರಶ್ನೆಯನ್ನೂ ಕೇಳದೆ ಸಲಹೆ ಕೊಟ್ಟಿದ್ದೆ.

ಹಾಗಾಗಿ ಉಡುಪಿಯ ಗೆಳತಿಗೆ ಇವತ್ತೇ ಹೇಳಿಬಿಡಿ. ಹಳೇ ಫೋಟೋ ಹಾಕಿದ್ದನ್ನೂ ಹೇಳಿ. ಅವರು ಕಳಿಸಿದ್ದು ಕರಾವಳಿಯ ಹಸಿ ಗಾಳಿಯಲ್ಲಿ ಬೆಳೆದ ಗಿಡದ ಕಡ್ಡಿ. ಉಡುಪಿ ಮಲ್ಲಿಗೆ ಬೆಳೆಯುವ ಶಂಕರಪುರ ಸೀಮೆಯ ನೆಲ, ನೀರು, ಹವೆ ಎಲ್ಲವೂ ಬೇರೆ. ಕೋಲಾರ ಸಮುದ್ರಮಟ್ಟಕ್ಕಿಂತ ಸುಮಾರು 800 ಮೀಟರ್ ಎತ್ತರದಲ್ಲಿದೆ, ಗಾಳಿ ಒಣ. ಕೊರಿಯರಿನಲ್ಲಿ ಎರಡು ಮೂರು ದಿನ ಬಾಡಿದ ಕಡ್ಡಿಯನ್ನು ತಾರಸಿಯ ಬಿಸಿಲಿಗೆ ಇಟ್ಟು, ಆ ಫಿಲ್ಟರ್ ನೀರು ಹಾಕಿದರೆ ಯಾರ ಕೈಯಲ್ಲೂ ಅದು ಉಳಿಯುವುದಿಲ್ಲ.

ಈಗ ಏನು ಮಾಡಬಹುದು ನೋಡೋಣ. ಖರ್ಚಿಲ್ಲದ ಕೆಲಸ ಮೊದಲು.

ಕುಂಡ ತೊಳೆಯುವುದು. ಮೇಲಿನ ಬಿಳಿ ಪದರವನ್ನು ಅರ್ಧ ಇಂಚು ಕೆರೆದು ತೆಗೆಯಿರಿ. ತಳದ ತೂತು ಕಟ್ಟಿದೆಯಾ ಕಡ್ಡಿ ಹಾಕಿ ನೋಡಿ. ಆಮೇಲೆ ಹತ್ತು ಲೀಟರ್ ಹಿಡಿಯುವ ಕುಂಡಕ್ಕೆ ಇಪ್ಪತ್ತರಿಂದ ಮೂವತ್ತು ಲೀಟರ್ ನೀರನ್ನು ನಿಧಾನಕ್ಕೆ, ಅರ್ಧ ದಿನದಲ್ಲಿ, ಹಾಯಿಸಿ. ಮಳೆ ನೀರಾದರೆ ಬಹಳ ಒಳ್ಳೆಯದು, ಇಲ್ಲದಿದ್ದರೆ ಸಂಪಿನ ನೀರೇ ಸರಿ. ಕೂತ ಉಪ್ಪು ಕೆಳಗೆ ಇಳಿದು ಹೋಗುತ್ತದೆ. ಇದರಲ್ಲಿ ಒಂದು ತೊಂದರೆ ಇದೆ: ಉಪ್ಪಿನ ಜೊತೆ ಗೊಬ್ಬರದ ಸತ್ವವೂ ಹೋಗುತ್ತದೆ. ವಾರ ಬಿಟ್ಟು ಎರಡು ಹಿಡಿ ಎರೆಗೊಬ್ಬರ ಕೊಡಿ. ಇನ್ನು ಮುಂದೆ ದಿನಾ ಚೆಂಬು ನೀರು ಬೇಡ. ಹಾಕಿದರೆ ಕೆಳಗಿನ ತೂತಿನಿಂದ ಹರಿಯುವಷ್ಟು ಹಾಕಿ, ಮತ್ತೆ ಮೇಲಿನ ಒಂದಿಂಚು ಮಣ್ಣು ಒಣಗುವವರೆಗೆ ಮುಟ್ಟಬೇಡಿ. ಬೆರಳು ಇಳಿಸಿ ನೋಡುವುದೇ ಸಾಕು, ಮೀಟರ್ ಬೇಡ.

ಮಳೆ ನೀರು ಹಿಡಿಯುವುದು. ನನ್ನ ಮಟ್ಟಿಗೆ ನಿಮ್ಮ ಮನೆಗೆ ಅತಿ ದೊಡ್ಡ ಔಷಧ ಇದೇ. ನಿಮ್ಮ ತಾರಸಿ ಸಾವಿರ ಚದರಡಿ ಇದೆ ಎಂದುಕೊಳ್ಳಿ. 20 ಮಿಲಿಮೀಟರಿನ ಒಂದು ಮಳೆಗೆ ಅದರ ಮೇಲೆ 1,800 ಲೀಟರಿಗಿಂತ ಹೆಚ್ಚು ನೀರು ಬೀಳುತ್ತದೆ. ಸೋರಿಕೆ, ಮೊದಲ ಕೊಳೆ ನೀರು ಬಿಟ್ಟರೂ 1,400–1,500 ಲೀಟರ್ ಸಿಗುತ್ತದೆ. ನಿಮ್ಮ 14 ಕುಂಡಕ್ಕೆ ಇದು ಹಲವು ವಾರದ ನೀರು. ಡ್ರಮ್ಮಿಗೆ ಖರ್ಚು ಬರುತ್ತದೆ. ಬಾಯಿಗೆ ಬಟ್ಟೆ ಬಿಗಿಯಾಗಿ ಕಟ್ಟಲೇಬೇಕು, ಇಲ್ಲದಿದ್ದರೆ ಡೆಂಗಿ ಸೊಳ್ಳೆಗೆ ನೀವೇ ಮನೆ ಮಾಡಿಕೊಟ್ಟಂತೆ.

ಕಬ್ಬಿಣ ಕೊಡುವುದು. ಗೊಬ್ಬರದ ಅಂಗಡಿಯಲ್ಲಿ ಅನ್ನಭೇದಿ, ಅಂದರೆ ಫೆರಸ್ ಸಲ್ಫೇಟ್, ಅಂತ ಕೇಳಿ. ತಿಳಿ ಹಸಿರು ಹರಳು ಇರಬೇಕು, ಕಂದು ಬಣ್ಣಕ್ಕೆ ತಿರುಗಿದ್ದರೆ ತರಬೇಡಿ, ಅದರ ಶಕ್ತಿ ಹೋಗಿರುತ್ತದೆ. ಲೀಟರ್ ನೀರಿಗೆ 5 ಗ್ರಾಂ, ಜೊತೆಗೆ 1 ಗ್ರಾಂ ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್) ಕರಗಿಸಿ, ಸಂಜೆ ಹೊತ್ತು ಎಲೆಗೆ ಸಿಂಪಡಿಸಿ. ಹತ್ತು ಹದಿನೈದು ದಿನ ಬಿಟ್ಟು ಇನ್ನೊಂದು ಸಲ. ಮಣ್ಣಿಗೆ ಹಾಕಿದರೆ ನಮ್ಮ ಸುಣ್ಣದ ಮಣ್ಣಿನಲ್ಲಿ ಅದೂ ಸಿಕ್ಕಿಬೀಳುತ್ತದೆ. ಮಣ್ಣಿಗೇ ಕೊಡಬೇಕೆಂದರೆ ಇಡಿಡಿಎಚ್‌ಎ ಎಂಬ ಕೀಲೇಟ್ ಕಬ್ಬಿಣ ಬರುತ್ತದೆ, ಸುಣ್ಣದ ಮಣ್ಣಿನಲ್ಲೂ ಕೆಲಸ ಮಾಡುತ್ತದೆ, ಆದರೆ ದುಬಾರಿ. ಅನ್ನಭೇದಿಯನ್ನು ಬಿಸಿಲಲ್ಲಿ ಸಿಂಪಡಿಸಿದರೆ ಎಲೆ ಸುಡುತ್ತದೆ. ಟೈಲ್ಸ್ ಮೇಲೆ ಬಿದ್ದರೆ ತುಕ್ಕಿನ ಕಲೆ ಹೋಗುವುದೇ ಇಲ್ಲ. ಕರಿಬೇವು ಅಡುಗೆಗೆ ಬಳಸುವುದರಿಂದ ಸಿಂಪಡಿಸುವ ಮೊದಲು ಬೇಕಾದಷ್ಟು ಕಿತ್ತಿಟ್ಟುಕೊಳ್ಳಿ, ಆಮೇಲೆ ಎರಡು ವಾರ ಬಿಡಿ. ಒಂದು ಮಾತು: ನೀರು ಬದಲಿಸದೆ ಬರೀ ಇದನ್ನೇ ಮಾಡಿದರೆ ಎರಡು ತಿಂಗಳಿಗೆ ಮತ್ತೆ ಅದೇ ಹಳದಿ.

ಹಿಂದಿನ ಆರಡಿ ಜಾಗದಲ್ಲಿರುವ ನಿಂಬೆಯ ಬಗ್ಗೆ ನನಗೆ ಇನ್ನೊಂದು ಅನುಮಾನ. ಮನೆ ಕಟ್ಟುವಾಗ ಗಾರೆ ಕಲಸಿದ್ದು ಎಲ್ಲಿ? ಸಾಮಾನ್ಯವಾಗಿ ಅಲ್ಲೇ. ಬುಡದಿಂದ ಎರಡಡಿ ದೂರದಲ್ಲಿ ಒಂದಡಿ ಅಗೆದು ನೋಡಿ. ಸಿಮೆಂಟ್ ಗಟ್ಟಿ, ಜಲ್ಲಿ, ಇಟ್ಟಿಗೆ ಚೂರು ಬಂದರೆ ಆಶ್ಚರ್ಯವಿಲ್ಲ. ಒಣ ಮಣ್ಣು ಒಂದು ಚಮಚ ತೆಗೆದು ವಿನೆಗರ್ ಹನಿಸಿ. ಬುಸುಬುಸು ನೊರೆ ಎದ್ದರೆ ಸುಣ್ಣ ಜಾಸ್ತಿ ಇದೆ ಎಂದೇ ಅರ್ಥ. ನಿಂತ ಗಿಡವನ್ನು ಕೀಳಬೇಡಿ. ಸುತ್ತ ಸ್ವಲ್ಪ ಸ್ವಲ್ಪವೇ ಆ ಮಣ್ಣು ತೆಗೆದು ಕೆಮ್ಮಣ್ಣು, ಹಳೇ ಕೊಟ್ಟಿಗೆ ಗೊಬ್ಬರ ತುಂಬಿ. ಒಂದೇ ಸಲ ಎಲ್ಲಾ ಕಡೆ ಅಗೆದರೆ ಬೇರು ಕಡಿದು ಗಿಡ ಕುಸಿಯುತ್ತದೆ. ಹೂ ಉದುರುವುದಕ್ಕೆ ಹೆದರಬೇಡಿ, ನಿಂಬೆಯ ಬಹುಪಾಲು ಹೂ ಉದುರುವುದು ಸಹಜ.

ಕುಂಡದ ಮಣ್ಣು ಹೊಸದಾಗಿ ಕಲಸುವಾಗ ಕೊಕೊಪೀಟ್ ಹಾಕುವುದಾದರೆ, ಇಟ್ಟಿಗೆಯನ್ನು ನೆನೆಸಿ ಎರಡು ಸಲ ಹಿಂಡಿ ನೀರು ಚೆಲ್ಲಿ. ತೆಂಗಿನ ನಾರಿನ ಪುಡಿಯಲ್ಲೂ ಉಪ್ಪಿರುತ್ತದೆ.

ಇದೆಲ್ಲ ನಾನು ಫೋಟೋ ನೋಡಿ ಹೇಳಿದ್ದು. ಪಕ್ಕಾ ಆಗಬೇಕಾದರೆ ನೀರು, ಮಣ್ಣು ಪರೀಕ್ಷೆ ಮಾಡಿಸಿ. ಟಮಕದ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ. ಮೋಟರ್ ಹತ್ತು ನಿಮಿಷ ಓಡಿದ ಮೇಲೆ ಸ್ವಚ್ಛ ಬಾಟಲಿಯಲ್ಲಿ ನೀರು ಹಿಡಿಯಿರಿ. ಮಣ್ಣು ಅರ್ಧ ಕೇಜಿ, ಆರಿಂಚು ಆಳದ್ದು, ನೆರಳಲ್ಲಿ ಒಣಗಿಸಿ. ವರದಿಯಲ್ಲಿ ಇ.ಸಿ. ಎಂಬ ಅಂಕಿ ನೋಡಿ, ಕರಗಿದ ಉಪ್ಪು ಎಷ್ಟಿದೆ ಎಂದು ಹೇಳುವುದು ಅದೇ. ನೀರಿನದು 0.75 ಡಿಎಸ್/ಮೀ (dS/m) ಒಳಗಿದ್ದರೆ ನೆಮ್ಮದಿ, 2.25 ದಾಟಿದ್ದರೆ ನಿಂಬೆಯಂಥ ಗಿಡಕ್ಕೆ ಆ ನೀರು ಬೇಡವೇ ಬೇಡ. ಆಗ ಗಿಡ ಬದಲಿಸುವುದೇ ದಾರಿ. ಸಪೋಟ, ಸೀಬೆ, ಕಾಗದದ ಹೂ ಗಡಸು ನೀರನ್ನು ನಿಂಬೆಗಿಂತ ಎಷ್ಟೋ ಚೆನ್ನಾಗಿ ತಾಳಿಕೊಳ್ಳುತ್ತವೆ.

ಗೆಳತಿಯರ ಸಲಹೆ ಕೇಳುವುದನ್ನು ಬಿಡಬೇಡಿ. ಅದರ ಜೊತೆ ಮೂರು ಮಾತು ಕೇಳಿ: ನಿಮ್ಮಲ್ಲಿ ಯಾವ ನೀರು ಹಾಕುತ್ತೀರಿ, ಕುಂಡದಲ್ಲಿ ಏನು ತುಂಬಿದ್ದೀರಿ, ಮಳೆ ಯಾವಾಗ. ಶಿರಸಿಯವರು ಜೂನ್ ಮೊದಲ ವಾರ ಗಿಡ ನೆಡು ಅನ್ನುತ್ತಾರೆ, ಅವರಿಗೆ ಆಗ ಮಳೆಗಾಲ ಶುರು. ನಮಗೆ ಜೋರು ಮಳೆ ಸೆಪ್ಟೆಂಬರ್, ಅಕ್ಟೋಬರಿನಲ್ಲಿ.

ಈಗ ಹಳದಿಯಾದ ಎಲೆ ಪೂರ್ತಿ ಹಸಿರಾಗಲಿಕ್ಕಿಲ್ಲ, ಅದನ್ನು ನೋಡಿ ಧೈರ್ಯಗೆಡಬೇಡಿ. ನಾಲ್ಕರಿಂದ ಆರು ವಾರದಲ್ಲಿ ಬರುವ ಚಿಗುರನ್ನು ನೋಡಿ. ಅದು ಹಸಿರಾಗಿ ಬಂದರೆ ಉಡುಪಿಯವರಿಗೆ ಇನ್ನೊಂದು ಸಲ ಕಡ್ಡಿ ಕೇಳಿ, ಆಗಸ್ಟ್ ಕೊನೆಗೆ ಕಳಿಸಲಿ. ಪೆನ್ಸಿಲ್ ದಪ್ಪ, ಒಂದು ಗೇಣು ಉದ್ದ, ಎಲೆ ಸವರಿದ್ದು. ಬುಡಕ್ಕೆ ಒದ್ದೆ ಬಟ್ಟೆ ಸುತ್ತಿ, ಮೇಲೆ ಪ್ಲಾಸ್ಟಿಕ್ ಕಟ್ಟಲು ಹೇಳಿ. ಬಂದ ದಿನವೇ ಮರಳು ಬೆರೆಸಿದ ಮಣ್ಣಿನಲ್ಲಿ ಎರಡು ಗಿಣ್ಣು ಒಳಗೆ ಹೋಗುವಂತೆ ಊರಿ, ಮಳೆ ನೀರು ಹಾಕಿ, ಬಿಸಿಲು ತಾಗದ ಮೆಟ್ಟಿಲ ಕೆಳಗೆ ಇಡಿ. ಒಂದು ತಿಂಗಳು ಎಳೆದು ನೋಡಬೇಡಿ.